ಹೊಂಗೆ ಎಣ್ಣೆ ಕುಡಿದ ಹಗ್ಗ

ದೋಣಿ ಮರಳು ಬಿಟ್ಟು ಒಂದು ಬೀಡಿ ಸೇದುವಷ್ಟು ಹೊತ್ತೂ ಆಗಿರಲಿಲ್ಲ, ದುರ್ಗಯ್ಯ ಹಿಂದಿನ ದಿನ ತಿಂದ ಬುತ್ತಿರೊಟ್ಟಿಯನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿದ. ಒಪ್ಪಿಸಿ, ಬಾಯಿ ಒರೆಸಿಕೊಂಡು, ಸಮುದ್ರವನ್ನೇ ಬೈದ.

"ಥೂ, ಇದರ ಮನೆ ಹಾಳಾಗ! ನೀರು ಅಂದ್ರೆ ಒಂದ್ಕಡೆ ಬಿದ್ದಿರ್ಬೇಕು. ಇದೇನಣ್ಣ ಇದು, ಕುಡುದವ್ನ ಥರಾ ತೂರಾಡ್ತದೆ!"

ಹುಟ್ಟು ಹಾಕುತ್ತಿದ್ದ ಜಟ್ಟ ಖಾರ್ವಿ ನಕ್ಕ. ದೋಣಿ ಅವನದು, ಬಲೆ ಅವನದು. "ಹೊರ್ಗೆ ಬಗ್ಗಿ ಕಕ್ಕು ಮಾರಾಯ, ಬಲೆ ಮೇಲೆ ಬೇಡ. ಮೀನಿಗೆ ಬೆಳಿಗ್ಗೆಯ ತಿಂಡಿ ಆಯ್ತು ಕಾಣು."

ದೋಣಿಯ ಹಿಂದಿನ ಮೂಲೆಯಲ್ಲಿ ಕೂತಿದ್ದ ಮುದುಕ ಕುಪ್ಪ ನಗಲಿಲ್ಲ. ಅವನು ಜಟ್ಟನ ದೋಣಿಯಲ್ಲಿ ಇಪ್ಪತ್ತು ವರ್ಷದಿಂದ ಬಲೆ ಎಳೆಯುತ್ತಿದ್ದವನು. ಒಂದು ಚಿಪ್ಪಿನಲ್ಲಿ ನೀರು ಮೊಗೆದು ದುರ್ಗಯ್ಯನ ಮುಂದೆ ಹಿಡಿದ. ಬಾಯಿ ಮುಕ್ಕಳಿಸಲು ಹೋದರೆ ಅದೂ ಉಪ್ಪು. ದುರ್ಗಯ್ಯ ಮತ್ತೊಮ್ಮೆ ಕಾರಿದ.

ತೆಂಗಿನ ಸೀಮೆಯ ದುರ್ಗಯ್ಯನಿಗೆ ಗಂಗೊಳ್ಳಿಯ ಕಡಲಿನಲ್ಲಿ ಏನು ಕೆಲಸ ಎಂದರೆ, ಹಗ್ಗ. ಹಾಲ್ಕುರಿಕೆಯ ಪಕ್ಕದ ಅವನ ಊರಿನಲ್ಲಿ ಹನ್ನೊಂದು ಜನ ಹೆಂಗಸರು ಕೆರೆಯ ಅಂಚಿನಲ್ಲಿ ಕಾಯಿಮಟ್ಟೆ ನೆನೆಹಾಕಿ, ಬಡಿದು, ನಾರು ತೆಗೆದು, ತೊಡೆಯ ಮೇಲೆ ಹೊಸೆದು ಹಗ್ಗ ಮಾಡುತ್ತಿದ್ದರು. ಅವನ ತಾಯಿ ಭೂತಮ್ಮ ಅವರಲ್ಲಿ ಹಿರಿಯಳು. ಹೊಸೆದ ಹಗ್ಗವನ್ನೆಲ್ಲ ತಿಪಟೂರಿನ ಮಂಡಿ ಶಂಭುಲಿಂಗಯ್ಯನೇ ಕೊಳ್ಳುತ್ತಿದ್ದ, ಕೊಂಡು ಲಾರಿಗೆ ಹಾಕಿ ಕಡಲಿನವರಿಗೆ ಮಾರುತ್ತಿದ್ದ. ಕೊಳ್ಳುವಾಗಲೂ ಸುಮ್ಮನೆ ಕೊಳ್ಳುತ್ತಿರಲಿಲ್ಲ. ಸುರುಳಿ ಬಿಚ್ಚಿ, ಎಳೆದು, ಹಿಂಜಿ, ಮೂಸಿ, ಅರ್ಧವನ್ನು ಕಾಲಿನಲ್ಲಿ ಅತ್ತ ತಳ್ಳಿ, "ಇದು ನಡಿಯಲ್ಲ ಕಣಮ್ಮ, ಇದನ್ನ ಎಮ್ಮೆ ಕಟ್ಟಾಕೆ ಇಟ್ಕೊ" ಅನ್ನುತ್ತಿದ್ದ. ತಾಯಿ ಬಗ್ಗಿ ಆ ಸುರುಳಿಗಳನ್ನು ಆರಿಸಿಕೊಳ್ಳುವುದನ್ನು ದುರ್ಗಯ್ಯ ಎಂಟು ವರ್ಷದವನಿದ್ದಾಗಿನಿಂದ ನೋಡಿದ್ದ. ಆರನೇ ಕ್ಲಾಸಿನಲ್ಲಿ ಮೇಷ್ಟ್ರು "ಮಟ್ಟೆ ಬಡಿಯೋಳ ಮಗ" ಎಂದದ್ದಕ್ಕೆ ಸ್ಲೇಟನ್ನು ಮೇಷ್ಟ್ರ ಮೇಜಿನ ಮೇಲೆ ಚೂರು ಮಾಡಿ ಶಾಲೆ ಬಿಟ್ಟು ಬಂದವನು ಅವನು. ಇಪ್ಪತ್ತೆರಡಾದರೂ ಆ ಸಿಟ್ಟು ಹಾಗೇ ಇತ್ತು, ಮೈ ಮಾತ್ರ ಬೆಳೆದಿತ್ತು.

ಎಪ್ಪತ್ತೆಂಟನೇ ಇಸವಿಯ ದೀಪಾವಳಿಯ ಹೊತ್ತಿಗೆ ಅವನು ಹೆಂಗಸರನ್ನೆಲ್ಲ ಕೆರೆ ಏರಿಯ ಮೇಲೆ ಕೂರಿಸಿಕೊಂಡು ಹೇಳಿದ್ದ: "ಈ ಸಲದ ಹಗ್ಗ ಒಂದು ಮಾರೂ ಅವ್ನ ಮಂಡಿಗೆ ಹೋಗಾಕಿಲ್ಲ. ನಾನೇ ಸಮುದ್ರಕ್ಕೆ ತಗೊಂಡು ಹೋಗಿ ಮಾರ್ಕೊಂಡ್ ಬತ್ತೀನಿ."

"ಮಾರ್ದೆ ವಾಪಸ್ ತಂದ್ರೆ ಏನ್ಲಾ ಗತಿ?" ಎಂದಿದ್ದಳು ಪುಟ್ಟಗಂಗಮ್ಮ.

"ತಂದ್ರೆ ನನ್ನ ಹೆಸರು ಬ್ಯಾರೆ ಇಡ್ರಿ."

ಆ ಮಾತು ಶಂಭುಲಿಂಗಯ್ಯನ ಕಿವಿಗೂ ಬಿತ್ತು. ಅವನು ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಜನರ ಮುಂದೆ ನಕ್ಕು, "ಹೋಗಿ ಬಾರಪ್ಪ ಹೋಗಿ ಬಾ. ವಾಪಸ್ ಬಂದಾಗ ನನ್ನ ಮಂಡಿ ಬಾಗ್ಲು ತೆಗ್ದೇ ಇರ್ತದೆ" ಎಂದ. ದುರ್ಗಯ್ಯನಿಗೆ ಅಲ್ಲಿಂದ ಊಟ ರುಚಿಸಿರಲಿಲ್ಲ.

ಹೀಗೆ ತಿಪಟೂರಿನ ಲಿಯಾಕತ್ ಅಲಿಯ ಲಾರಿಯಲ್ಲಿ ಆರು ತಿಂಗಳ ಹಗ್ಗ ಘಟ್ಟ ಇಳಿದು ಬಂದಿತ್ತು. ಜಟ್ಟ ಖಾರ್ವಿ ಸುರುಳಿಯೊಂದನ್ನು ಕೈಯಲ್ಲಿ ತೂಗಿ, ಮೊಣಕಾಲಿಗೆ ಸುತ್ತಿ ಜಗ್ಗಿ, "ಹಗ್ಗ ಗಟ್ಟಿ ಉಂಟು" ಎಂದಿದ್ದ. "ಆದ್ರೆ ನಮ್ಮದೊಂದು ಪದ್ಧತಿ. ಹೊಸ ಹಗ್ಗ ತಂದವ ಮೊದಲ ಬಲೆಗೆ ದೋಣಿ ಹತ್ಬೇಕು. ನಾಳೆ ಹಗ್ಗ ಕೈ ಕೊಟ್ರೆ ನೀ ಅಲ್ಲೇ ಇರ್ಬೇಕು ಕಾಣು, ನೋಡುಕೆ. ಸರಿಯಾದ್ರೆ ಈ ಕಡಲಕರೆಯ ಏಳು ದೋಣಿಯವರೂ ನಿನ್ನ ಲಾರಿ ಖಾಲಿ ಮಾಡ್ತಾರೆ."

ಒಂದು ಬೆಳಿಗ್ಗೆ ತಾನೇ ಎಂದು ದುರ್ಗಯ್ಯ ಒಪ್ಪಿದ್ದ.

ಈಗ ಆ ಬೆಳಿಗ್ಗೆಯ ಒಳಗೆ ಕೂತು ಅವನು ಎಲ್ಲವನ್ನೂ ಅಸಹ್ಯಪಡುತ್ತಿದ್ದ. ದೋಣಿಯ ತಳದಲ್ಲಿ ಗೇಣುದ್ದ ನೀರು. ಅದರಲ್ಲಿ ಯಾವ ಕಾಲದ್ದೋ ಮೀನಿನ ಪೊರೆ, ಬೀಡಿ ತುಂಡು, ಏಡಿಯ ಒಂದು ಕಾಲು, ಈಗ ಅವನ ಕೊಡುಗೆಯೂ ಸೇರಿ ಅವನ ಪಾದದ ಸುತ್ತ ಬೆಚ್ಚಗೆ ಅತ್ತಿತ್ತ ಹೊಯ್ದಾಡುತ್ತಿತ್ತು. ಹಲಗೆಗಳಿಗೆಲ್ಲ ಬೂತಾಯಿ ಮೀನಿನ ಎಣ್ಣೆ ಬಳಿದಿದ್ದರು, ಮರ ಕೊಳೆಯದ ಹಾಗೆ. ಆ ನಾತ ಮೂಗಿನಿಂದ ಹೊಕ್ಕು ಗಂಟಲಲ್ಲಿ ಮನೆ ಮಾಡಿತ್ತು. ಜಟ್ಟನಿಗೆ ಅದೇನೂ ಇಲ್ಲ. ನಶ್ಯ ಏರಿಸಿ ಏರಿಸಿ ಅವನ ಮೂಗು ಎಂದೋ ಸತ್ತಿತ್ತು. ಕುಪ್ಪನ ಮೂಗಿನಲ್ಲಿ ಸದಾ ನೆಗಡಿ. ಇಡೀ ದೋಣಿಗೆ ಜೀವ ಇರುವ ಮೂಗು ಒಂದೇ, ಅದು ದುರ್ಗಯ್ಯನದು.

ಮೊದಲ ಬಲೆ ಬೆಳಕು ಹರಿಯುವಾಗ ಬಿಟ್ಟರು. ಬಲೆಯ ಮೇಲಂಚಿಗೆ ಉದ್ದಕ್ಕೂ ತಾಯಿ ಹೊಸೆದ ಹಗ್ಗ. ಜಟ್ಟ ಬಿಡುತ್ತ ಹೋದ ಹಾಗೆ ಅದು ಕೆಂಚು ಹಾವಿನಂತೆ ಸರಸರ ನೀರಿಗಿಳಿಯಿತು. ದುರ್ಗಯ್ಯನಿಗೆ ಎದೆ ಉಬ್ಬಿತು. ಶಂಭುಲಿಂಗಯ್ಯನ ಮುಖವನ್ನು ನೆನೆದು ಸಮುದ್ರಕ್ಕೆ ಉಗಿದ, ಈ ಸಲ ಖುಷಿಗೆ.

ಅರ್ಧ ಗಂಟೆ ಕಾದು ಎಳೆದರು. ಕುಪ್ಪ ಎಳೆಯುತ್ತ, "ಒಳ್ಳೆ ಹಗ್ಗ ತಮ್ಮ. ಕೈ ಉರಿಯುದಿಲ್ಲ. ಎಂತ ಮೆತ್ತಗೆ!" ಎಂದ.

"ನಮ್ಮವ್ವ ಮಾಡಿದ್ದು," ಎಂದ ದುರ್ಗಯ್ಯ.

ಬಲೆಯಲ್ಲಿ ಮೀನಿರಲಿಲ್ಲ. ಯಾರೂ ತಿನ್ನದ, ಲೋಳೆ ಲೋಳೆಯಾದ ನಾಲ್ಕು ಅಂಬಲಿಮೀನು, ಒಂದು ಹವಾಯಿ ಚಪ್ಪಲಿ, ಮತ್ತೆ ಒಂದು ಕಾಯಿಮಟ್ಟೆ.

"ನಿಮ್ಮೂರಿಂದ್ಲೇ ಬಂದದ್ದು ಕಾಣು," ಎಂದು ಜಟ್ಟ ಮಟ್ಟೆಯನ್ನು ದುರ್ಗಯ್ಯನ ಮಡಿಲಿಗೆ ಎಸೆದ. "ನಿನ್ನ ಹಿಂದೆಯೇ ಘಟ್ಟ ಇಳಿದಿದೆ ಪಾಪ."

ದುರ್ಗಯ್ಯನೂ ನಗಬೇಕೆಂದು ಬಾಯಿ ತೆರೆದ. ಆಗ ಅವನ ಮೂಗಿಗೆ ಅದು ಬಡಿಯಿತು.

ಬೂತಾಯಿ ಎಣ್ಣೆಯ ನಾತದ ಅಡಿಯಿಂದ, ಕಹಿಯಾಗಿ, ಹಳೇ ದೀಪದ ಬುಡದ ಹಾಗೆ, ಇನ್ನೊಂದು ವಾಸನೆ. ಹೊಂಗೆ ಎಣ್ಣೆ. ಅವನು ಕಾಲಬಳಿ ಗುಡ್ಡೆಬಿದ್ದ ಹಗ್ಗ ನೋಡಿದ. ಒಣಗಿದ್ದಾಗ ಸುಮ್ಮನಿದ್ದ ಹಗ್ಗ ಉಪ್ಪುನೀರು ಕುಡಿದು ಬೆವರುತ್ತಿತ್ತು. ಎಳೆ ಎಳೆಯಿಂದ ಹಳದಿ ಜಿಡ್ಡು ಒಸರುತ್ತಿತ್ತು. ದೋಣಿಯಾಚೆ ಇಣುಕಿದ. ಬಲೆ ಇದ್ದ ಜಾಗದಲ್ಲಿ ಉದ್ದಕ್ಕೂ, ಸೂರ್ಯ ಬಿದ್ದ ಕಡೆ, ನವಿಲು ಬಣ್ಣದ ಪೊರೆ ನೀರಿನ ಮೇಲೆ ತೆಳ್ಳಗೆ ಹರಡಿ ಕುಣಿಯುತ್ತಿತ್ತು.

ಅವನ ಊರಿನಲ್ಲಿ ಹಗ್ಗ ಅಂದರೆ ಎತ್ತಿನ ಕೊರಳಿಗೆ, ಬಾವಿಯ ಗಡಗಡೆಗೆ. ಹೊಸೆದಾದ ಮೇಲೆ ಅದಕ್ಕೆ ಹೊಂಗೆ ಎಣ್ಣೆ ಕುಡಿಸುವುದು ಎಂದಿನಿಂದಲೂ ಇದ್ದದ್ದು. ಎಣ್ಣೆ ಕುಡಿದ ಹಗ್ಗಕ್ಕೆ ಗೆದ್ದಲು ಹತ್ತುವುದಿಲ್ಲ, ಎತ್ತಿನ ಕೊರಳು ಉಜ್ಜುವುದಿಲ್ಲ, ನೀರು ಸೇದುವ ಹೆಂಗಸರ ಅಂಗೈ ಬೊಬ್ಬೆ ಏಳುವುದಿಲ್ಲ. ಶಂಭುಲಿಂಗಯ್ಯ ಮೂಸಿ ಮೂಸಿ ಕಾಲಿನಲ್ಲಿ ತಳ್ಳುತ್ತಿದ್ದುದು ಆ ಹಗ್ಗಗಳನ್ನೇ. "ಎಣ್ಣೆ ಸೋಕಿಸ್ಬ್ಯಾಡಿ, ಎಣ್ಣೆ ಸೋಕಿಸ್ಬ್ಯಾಡಿ ಅಂತ ಎಷ್ಟು ಸಲ ಬಡ್ಕಳ್ಳಾದು? ಇದು ಸಮುದ್ರಕ್ಕೋಗೋ ಮಾಲು ಕಣ್ರಮ್ಮ!" ಎಂದು ಅವನು ಕೂಗುತ್ತಿದ್ದುದನ್ನು ದುರ್ಗಯ್ಯ ನೂರು ಸಲ ಕೇಳಿದ್ದ. ಬೆಲೆ ಇಳಿಸಲು ಕಳ್ಳ ಹೂಡಿದ ನೆಪ ಎಂದು ನೂರು ಸಲವೂ ಹಲ್ಲು ಕಡಿದಿದ್ದ. ಈ ಸಲ ತಾಯಿಯೇ ಅನುಮಾನಿಸಿ, "ಸಮುದ್ರದೋರ್ಗೆ ಎಣ್ಣೆ ಬ್ಯಾಡ್ವೇನೋ ಕಣ್ಲಾ, ಆ ಯಪ್ಪ ಹಂಗಂತಿದ್ದ" ಎಂದಾಗ, ರೇಗಿದ್ದವನು ಇವನೇ.

"ಅವ್ನ ಮಾತು ಬುಡವ್ವ! ಅವ್ನು ಬ್ಯಾಡ ಅಂದಿದ್ಕೇ ಎರಡು ಕೈ ಹೆಚ್ಚು ಉಜ್ಜು."

ಭೂತಮ್ಮ ಉಜ್ಜಿದ್ದಳು. "ಆಗ್ಲಿ ಬುಡು, ಸಮುದ್ರದೋರ ಕೈಯೂ ಕೈಯಲ್ವಾ, ಉರೀಬಾರ್ದು" ಎಂದು, ಒಬ್ಬೊಬ್ಬರನ್ನೂ ಕರೆದು ಕೂರಿಸಿಕೊಂಡು, ಮಾರು ಮಾರಿಗೂ ಉಜ್ಜಿಸಿದ್ದಳು.

ಇನ್ನೂ ಒಂದು ವಿಷಯ ಈಗ ದುರ್ಗಯ್ಯನಿಗೆ ನೆನಪಾಯಿತು. ಅವನು ಚಿಕ್ಕವನಿದ್ದಾಗ ಊರಿನ ಗಾಣದವರು ಹೊಂಗೆ ಹಿಂಡಿಯ ಡಬ್ಬ ತೊಳೆದ ನೀರನ್ನು ತೂಬಿನ ಗುಂಡಿಗೆ ಚೆಲ್ಲಿದ್ದರು. ಮಾರನೇ ದಿನ ಗುಂಡಿಯ ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಅವನೇ ಪಂಚೆಯಲ್ಲಿ ಬಾಚಿಕೊಂಡು ಮನೆಗೆ ತಂದಿದ್ದ, ತಾಯಿ ಬೈದು ತಿಪ್ಪೆಗೆ ಎಸೆಸಿದ್ದಳು. ಮೀನಿಗೂ ಹೊಂಗೆಗೂ ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹೊಳೆದಿರಲಿಲ್ಲ. ಸಿಟ್ಟಿನಲ್ಲಿ ಅದಕ್ಕೆಲ್ಲ ಜಾಗವೇ ಇರಲಿಲ್ಲ.

ಹೇಳಿಬಿಡಲೇ ಎಂದುಕೊಂಡ. ಹೇಳಿದರೆ ಲಾರಿ ತುಂಬಿದ ಹಗ್ಗ ವಾಪಸ್ಸು, ತೆಗೆದೇ ಇರುವ ಆ ಮಂಡಿಯ ಬಾಗಿಲಿಗೆ. ಸಮುದ್ರ ಇಷ್ಟು ದೊಡ್ಡದು, ನಾಲ್ಕು ಬೊಗಸೆ ಎಣ್ಣೆಗೆ ಏನಾದೀತು ಎಂದು ತನಗೆ ತಾನೇ ಹೇಳಿಕೊಂಡ. ಇನ್ನೊಂದು ಸಲ ನೆನೆದರೆ ಎಣ್ಣೆ ಬಿಟ್ಟೀತು. ಮೀನು ಬಿದ್ದೀತು. ಬಾಯಿ ಮುಚ್ಚಿಕೊಂಡ.

"ಇನ್ನೊಂದ್ಕಡೆ ಹೋಪ," ಎಂದ ಜಟ್ಟ.

ಎರಡನೇ ಬಲೆಗೆ ಏನೂ ಇಲ್ಲ. ಚಪ್ಪಲಿಯೂ ಇಲ್ಲ.

ಮೂರನೇ ಬಲೆ ಬಿಟ್ಟದ್ದು ಬೇರೆ ಎರಡು ದೋಣಿಗಳ ನಡುವೆ. ಎಡಗಡೆಯ ದೋಣಿಯಲ್ಲಿ ಬಲೆ ಎಳೆಯುತ್ತಿದ್ದರು. ಬಂಗುಡೆ ಮೀನು ಬಲೆಯ ತುಂಬ ಬೆಳ್ಳಿ ತಗಡಿನ ಹಾಗೆ ಪಟಪಟ ಬಡಿಯುತ್ತಿತ್ತು. ಬಲಗಡೆಯವರ ಬುಟ್ಟಿಯೂ ತುಂಬಿತ್ತು. ಅವರಲ್ಲೊಬ್ಬ ಕೂಗಿದ: "ಹೋಯ್ ಜಟ್ಟ, ಘಟ್ಟದ ಮೇಲಿನ ನೆಂಟನನ್ನು ಕಡಲು ತೋರ್ಸುಕೆ ಕರ್ಕಂಡ್ ಬಂದ್ಯಾ? ಮೀನು ಎಂತಕ್ಕೆ, ಬೆಲ್ಲ ಹಾಕಿ ಕೊಬ್ಬರಿ ತಿನ್ಸ್ತ ಅವ!"

ಜಟ್ಟನ ನಗು ಅಲ್ಲಿಗೆ ನಿಂತಿತು. ಬಲೆ ಎಳೆದ. ಖಾಲಿ. ಎರಡು ಕಡೆಯವರ ಮೀನಿನ ನಡುವೆ ಅವನ ಬಲೆ ಮಾತ್ರ ಒಗೆದು ಹಿಂಡಿದ ಸೀರೆಯಂತೆ ಬಂತು. ಮೀನು ಆ ಬಲೆಯನ್ನು ಬಳಸಿಕೊಂಡು ಹೋಗಿತ್ತು, ತಿಪ್ಪೆ ಬಳಸಿ ನಡೆಯುವವರ ಹಾಗೆ.

ನಾಲ್ಕನೇ ಬಲೆಯೂ ಹಾಗೇ ಬಂದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಜಟ್ಟ ನಶ್ಯದ ಡಬ್ಬಿ ತೆಗೆದ, ಏರಿಸಲಿಲ್ಲ, ಮತ್ತೆ ಸೊಂಟಕ್ಕೆ ಸಿಕ್ಕಿಸಿದ. ಕುಪ್ಪನ ಕಡೆ ತಿರುಗಿದ.

"ಬರ್ಬೇಡ ಅಂತ ಹೇಳಿದ್ನಾ ಇಲ್ವಾ ನಾನು?"

ಮುದುಕ ಬಲೆಯ ಸಿಕ್ಕು ಬಿಡಿಸುತ್ತಲೇ ಇದ್ದ.

"ಹೆಂಡ್ತಿ ಸತ್ತು ಒಂದು ತಿಂಗಳು ಕಳೀಲಿಲ್ಲ. ಮನೆಯಲ್ಲಿ ಕೂತ್ಕೋ, ಗಂಜಿ ನಾನು ಕಳಿಸ್ತೇನೆ ಅಂದೆ. ಕೇಳಿದ್ಯಾ? ಸಾವಿನ ಮೈ ತಗೊಂಡು ಬಂದು ಬಲೆ ಮುಟ್ಟಿದೆ. ಆಚೀಚೆ ದೋಣಿಗೆಲ್ಲ ಮೀನು, ನನಗೆ ಮಾತ್ರ ನೀರು. ಬೇರೆ ಎಂತ ಕಾರಣ ಉಂಟು, ನೀನೇ ಹೇಳು!"

"ಮನೆಯಲ್ಲಿ ಕೂತ್ರೆ..." ಎಂದ ಕುಪ್ಪ. ಮೂಗು ಒರೆಸಿಕೊಂಡು, "ಅವಳ ಚಾಪೆ ಕಾಣ್ತದೆ ಜಟ್ಟ" ಎಂದ.

"ಕಂಡ್ರೆ ಕಾಣ್ಲಿ! ನಾಳೆಯಿಂದ ಈ ದೋಣಿ ಹತ್ತಬೇಡ."

"ಹೌದು. ನನ್ನಿಂದ್ಲೇ ಆಯ್ತು ಕಾಣತ್ತೆ. ಅವಳಿಗೆ ಸಮಾಧಾನ ಇಲ್ಲ ಏನೋ," ಎಂದು ಮುದುಕ ಬಲೆಯಿಂದ ಕೈ ತೆಗೆದು ಪಂಚೆಗೆ ಒರೆಸಿಕೊಂಡ, ತನ್ನ ಕೈಗೇ ಏನೋ ಅಂಟಿದೆ ಎನ್ನುವಂತೆ. ಒರೆಸಿ, ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡ.

ದುರ್ಗಯ್ಯ ಅದನ್ನು ನೋಡಿದ. ನೋಡಿ ಮುಖ ತಿರುಗಿಸಿದ. ತಿರುಗಿಸಿದ ಕಡೆ ನವಿಲು ಬಣ್ಣದ ಪೊರೆ ಇತ್ತು. ಬೆಳಿಗ್ಗೆಯಿಂದ ಈ ದೋಣಿಯಲ್ಲಿ ಅವನಿಗೆ ಹೇಸಿಗೆ ಅನ್ನಿಸದ ವಸ್ತುವೇ ಇರಲಿಲ್ಲ. ಆ ಕೊಳಕು ನೀರು, ಆ ಬೂತಾಯಿ ಎಣ್ಣೆ, ಆ ಲೋಳೆ. ಈಗ ಅವೆಲ್ಲಕ್ಕಿಂತ ಹೇಸಿಗೆಯದೊಂದು ಅವನ ಚರ್ಮದೊಳಗೇ ಕೂತಿತ್ತು, ಅದನ್ನು ದೋಣಿಯಾಚೆ ಬಗ್ಗಿ ಕಕ್ಕಲು ಬರುವಂತಿರಲಿಲ್ಲ.

"ಆ ಅಜ್ಜನಿಂದ ಅಲ್ಲ ಕಣಣ್ಣ," ಎಂದ. ದನಿ ಒರಟಾಗಿ ಬಂತು, ಜಗಳಕ್ಕೆ ನಿಂತವನ ಹಾಗೆ. "ಹಗ್ಗದಿಂದ."

"ಎಂತ?"

"ಹಗ್ಗಕ್ಕೆ ಹೊಂಗೆ ಎಣ್ಣೆ ಕುಡ್ಸವ್ರೆ. ಮಾರು ಮಾರಿಗೂ. ನಾನೇ ಹೇಳಿ ಕುಡಿಸ್ದೆ. ಮೀನು ಅದಕ್ಕೇ ಬರ್ತಿಲ್ಲ. ಮೂಸಿ ನೋಡು."

ಜಟ್ಟ ಹಗ್ಗವನ್ನು ಮೂಗಿಗೆ ಹಿಡಿದ. ಸತ್ತ ಮೂಗಿಗೂ ಅದು ತಟ್ಟಿರಬೇಕು. ಸಾಲದ್ದಕ್ಕೆ ನಾಲಿಗೆಯ ತುದಿ ತಾಗಿಸಿದ. ಮುಖ ಕಿವುಚಿ ಸಮುದ್ರಕ್ಕೆ ಉಗಿದ, ಎರಡು ಸಲ, ಮೂರು ಸಲ. ದೋಣಿಯಾಚೆ ಬಗ್ಗಿ ನೀರಿನ ಮೇಲಿನ ಪೊರೆ ನೋಡಿದ.

"ನಿಂಗೆ ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. ಈಗ ತಾನೇ ಅನ್ನಬಹುದಿತ್ತು.

"ಮೊದ್ಲ ಬಲೆ ಎಳ್ದಾಗ."

ಜಟ್ಟ ಬೈಯಲಿಲ್ಲ. ಬೈದಿದ್ದರೆ ದುರ್ಗಯ್ಯನಿಗೆ ತಿರುಗಿ ಬೈಯಲು ದಾರಿಯಿತ್ತು. ಅವನು ನಿಧಾನವಾಗಿ ಹೇಳಿದ: "ಆಗ್ಲೇ ಬಾಯಿ ಬಿಟ್ಟಿದ್ರೆ, ಹಳೇ ಹಗ್ಗ ಕೆಳಗೇ ಉಂಟು, ಕಟ್ಕೊಂಡು ಒಂದು ಬುಟ್ಟಿ ಆದ್ರೂ ಹಿಡಿತಿದ್ದೆ. ಹಗ್ಗದ ತಪ್ಪು ತಪ್ಪಲ್ಲ ಮಾರಾಯ. ನಿಮಗೆ ಕಡಲು ಗೊತ್ತಿಲ್ಲ, ಸರಿ. ಮತ್ತೆ ಮೂರು ಸಲ ಸುಮ್ನೆ ಎಳ್ಸಿದ್ಯಲ್ಲ, ಅದು." ಮಾತು ಮುಗಿಸದೆ ಕತ್ತಿ ತೆಗೆದು ಬಲೆಗೆ ಕಟ್ಟಿದ್ದ ಹಗ್ಗದ ಗಂಟುಗಳನ್ನು ಒಂದೊಂದಾಗಿ ಕೊಯ್ಯತೊಡಗಿದ.

ಕುಪ್ಪ ಕಂಕುಳಿಂದ ಕೈ ತೆಗೆದಿದ್ದ. "ಹಾಗಾದ್ರೆ," ಎಂದು ದುರ್ಗಯ್ಯನ ಕಡೆ ಬಾಗಿ ಕೇಳಿದ, "ಅವಳಿಂದ ಆದದ್ದಲ್ಲ, ಅಲ್ದಾ?"

"ಅಲ್ಲ ಕಣಜ್ಜ. ಅಲ್ಲ."

"ಹಾಂ," ಎಂದ ಮುದುಕ. ಹುಟ್ಟು ಎತ್ತಿಕೊಂಡು ದೋಣಿಯನ್ನು ದಡದ ಕಡೆ ತಿರುಗಿಸಿದ.

ದಡದಲ್ಲಿ ಲಿಯಾಕತ್ ಅಲಿ ಲಾರಿಯ ಬಾನೆಟ್ಟಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಖಾಲಿ ಬುಟ್ಟಿ ನೋಡಿದ, ಜಟ್ಟ ಮರಳಿನ ಮೇಲೆ ಎಸೆದು ಹೋದ ಹಗ್ಗ ನೋಡಿದ, ಕೊನೆಗೆ ದುರ್ಗಯ್ಯನ ಮುಖ ನೋಡಿದ. "ಮೀನು ಇಲ್ವಾ?"

"ಇಲ್ಲ."

"ಹಗ್ಗ?"

"ಅದೂ ಹೋಗ್ಲಿಲ್ಲ. ಈಗೇನೂ ಕೇಳ್ಬ್ಯಾಡ, ಸುಮ್ನೆ ಗಾಡಿ ತೆಗಿ ಭಾಯ್."

ದುರ್ಗಯ್ಯ ಮೊಣಕಾಲಿನವರೆಗೆ ನೀರಿಗಿಳಿದು, ಮರಳು ಹಾಕಿ ಕೈ ಉಜ್ಜಿದ. ಚರ್ಮ ಕೆಂಪಾಯಿತು. ಮೂಸಿದ. ಹೊಂಗೆ. ಮತ್ತೆ ಉಜ್ಜಿದ. ಹೊಂಗೆ. ಇಡೀ ಬೆಳಿಗ್ಗೆ ಮೀನಿನ ನಾತದಲ್ಲಿ ಕೂತು ಬಂದವನ ಮೈಮೇಲೆ ಮೀನಿನ ವಾಸನೆ ಹೆಸರಿಗೂ ಇರಲಿಲ್ಲ.

ಶಿರಾಡಿ ಘಟ್ಟ ಹತ್ತುವಾಗ ವಿಷಯವೆಲ್ಲ ಕೇಳಿ ಮುಗಿಸಿದ ಲಿಯಾಕತ್ ಅಲಿ ಗೇರು ಬದಲಿಸಿ, ಒಂದು ಉಪಾಯ ಹೇಳಿದ: "ನೋಡು, ಅರಸೀಕೆರೇಲಿ ನಮ್ಮ ಬುಡನ್ ಸಾಬ್ ಅವ್ನೆ. ಎತ್ತಿನ ಸಾಮಾನಿನ ಅಂಗಡಿ. ಎಣ್ಣೆ ಕುಡಿದ ಹಗ್ಗ ಅಂದ್ರೆ ಅವ್ನಿಗೆ ಪ್ರಾಣ. ಎಲ್ಲಾ ಅಲ್ಲೇ ಸುರಿದು ಹೋಗೋಣ. ಮಾಲು ಸಮುದ್ರದಲ್ಲೇ ಖರ್ಚಾಯ್ತು ಅಂತ ಊರಲ್ಲಿ ಹೇಳು. ಶಂಭುಲಿಂಗಯ್ಯನಿಗೆ ಗೊತ್ತೇ ಆಗಲ್ಲ ಕಣೋ."

ಒಳ್ಳೆಯ ಉಪಾಯ. ದುರ್ಗಯ್ಯನ ಬಾಯಲ್ಲಿ ನೀರೂರುವಷ್ಟು ಒಳ್ಳೆಯದು. ಹಾಗೆ ಹೇಳಿದರೆ, ಮುಂದಿನ ಸಲವೂ ಸಮುದ್ರಕ್ಕೆಂದು ತಾಯಿ ಹನ್ನೊಂದು ಜನರನ್ನು ಕೂರಿಸಿಕೊಂಡು ಮಾರು ಮಾರಿಗೂ ಎಣ್ಣೆ ಉಜ್ಜಿಸುತ್ತಾಳೆ. ಇನ್ನೊಂದು ದೋಣಿಯಲ್ಲಿ ಇನ್ನೊಬ್ಬ ಮುದುಕ ತನ್ನ ಕೈಗಳನ್ನು ಕಂಕುಳಲ್ಲಿ ಬಚ್ಚಿಡುತ್ತಾನೆ.

"ಬುಡನ್ ಸಾಬ್‌ಗೇ ಕೊಡಾಣ," ಎಂದ. "ಕೊಟ್ಟಾದ್ಮೇಲೆ ತಿಪಟೂರಲ್ಲಿ ಆ ಮಂಡಿ ಮುಂದೆ ನಿಲ್ಸು."

"ಯಾಕೆ? ಖಾಲಿ ಲಾರಿ ತೋರ್ಸಿ ಹೊಟ್ಟೆ ಉರ್ಸೋಕಾ?"

"ಅಲ್ಲ. ಎಣ್ಣೆ ವಿಷ್ಯದಲ್ಲಿ ನೀನು ಹೇಳಿದ್ದು ನಿಜ ಅನ್ಬೇಕು ಆ ಬಡ್ಡೀಮಗನಿಗೆ. ಹತ್ತು ಜನ ಇರೋವಾಗ್ಲೇ."

ಲಿಯಾಕತ್ ಅಲಿ ರಸ್ತೆ ಬಿಟ್ಟು ಅವನನ್ನೇ ನೋಡಿದ. "ಅನ್ನೋಕಾಗ್ತದಾ ನಿನ್ನ ಕೈಲಿ?"

"ರಸ್ತೆ ನೋಡ್ಕೊಂಡು ಓಡ್ಸು," ಎಂದ ದುರ್ಗಯ್ಯ. "ಅಂದ್ಬುಟ್ಟು, ಮಿಕ್ಕಂತೆ ಬೆಲೇಲಿ ಮಾಡಿದ ಮೋಸಕ್ಕೆಲ್ಲ ಅಲ್ಲೇ ಜಗಳ ತೆಗೀತೀನಿ. ಅದು ಬ್ಯಾರೆ."

ಲಾರಿ ಮತ್ತೊಂದು ತಿರುವು ಹತ್ತಿತು. ಹಿಂದೆ ಹಗ್ಗದ ಸುರುಳಿಗಳು ಒಂದರ ಮೇಲೊಂದು ಜರುಗಿದವು. ಮನೆ ಬಾಗಿಲಲ್ಲಿ ತಾಯಿ ಕೇಳುವ ಮೊದಲ ಮಾತು ಏನೆಂದು ದುರ್ಗಯ್ಯನಿಗೆ ಗೊತ್ತಿತ್ತು. ಎಷ್ಟಕ್ಕೆ ಹೋಯಿತು ಎಂದಲ್ಲ, ಅವರ ಕೈ ಉರೀಲಿಲ್ಲ ತಾನೇ ಎಂದು. ಇಲ್ಲ ಕಣವ್ವ, ಉರೀಲಿಲ್ಲ ಎಂದು ಹೇಳಬೇಕು. ಅದಾದ ಮೇಲೆ ಮಿಕ್ಕದ್ದು. ಆ ಮಿಕ್ಕದ್ದನ್ನು ಎಲ್ಲಿಂದ ಶುರುಮಾಡುವುದೆಂದು ಹುಡುಕುತ್ತ ಅವನು ತನ್ನ ಅಂಗೈಯನ್ನು ಮೂಗಿಗೆ ಹಿಡಿದು ನೋಡಿದ, ಮುಖ ಕಿವುಚಿದ, ಕಿಟಕಿಯಾಚೆ ಉಗಿದ.